ತುಟಿ ನೋಡಿದರೆ ಸಾಲದೇ?

"ತುಟಿ ನೋಡಿಯೇ ಅವಳಿಗೆ ಎಲ್ಲ ಗೊತ್ತಾಗುತ್ತಂತಲ್ಲ ಮೇಡಂ, ಮತ್ತೆ ಬೇರೆ ಮಕ್ಕಳು ಸನ್ನೆ ಭಾಷೆ ಯಾಕೆ ಕಲೀಬೇಕು?" ನಾನು ಪಾಠ ಮಾಡುವ ಮಡಿಕೇರಿಯ ಕಾಲೇಜಿಗೆ ಕಿವಿ ಕೇಳದ ಹುಡುಗಿಯೊಬ್ಬಳು ಬಿ.ಕಾಂ.ಗೆ ಸೇರಿದಾಗಿನಿಂದ ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಬಸ್ಸಿನಲ್ಲಿ ಸಿಕ್ಕವರೂ ಕೇಳುತ್ತಾರೆ.

ಕನ್ನಡಿ ಮುಂದೆ ನಿಂತು, ದನಿ ಹೊರಡಿಸದೆ, ಪರ, ಬರ, ಮರ ಎಂದು ಹೇಳಿ ನೋಡಿ. ಮೂರಕ್ಕೂ ತುಟಿ ಒಂದೇ ಥರ ಮುಚ್ಚಿ ತೆರೆಯುತ್ತದೆ. ಕ, ಗ ಹುಟ್ಟುವುದು ಬಾಯಿಯ ಹಿಂಭಾಗದಲ್ಲಿ, ಹೊರಗೆ ಕಾಣುವುದೇ ಕಷ್ಟ. ಉಳಿದದ್ದೆಲ್ಲ ಊಹೆ. ಅವಳ ಮನೆಯಲ್ಲಿ ಕೊಡವ ತಕ್ಕ್, ಹಿಂದಿನ ಬೆಂಚಿನಲ್ಲಿ ಅರೆಭಾಷೆ, ನನ್ನ ಪಾಠವೋ ಕನ್ನಡದಲ್ಲಿ ಶುರುವಾಗಿ ಡೆಬಿಟ್, ಕ್ರೆಡಿಟ್ ಬಂದ ಕೂಡಲೇ ಇಂಗ್ಲಿಷಿಗೆ ಜಾರುತ್ತದೆ. ಎದುರಿಗಿರುವವರು ಯಾವ ಭಾಷೆ ಆಡುತ್ತಿದ್ದಾರೆ ಎಂಬುದನ್ನೂ ಅವಳು ಊಹಿಸಬೇಕು. ತುಟಿ ನೋಡುತ್ತ ನೋಟ್ಸ್ ಬರೆಯಲಾಗದು, ಬರೆಯಲು ತಲೆ ತಗ್ಗಿಸಿದರೆ ಪಾಠ ತಪ್ಪಿತು. ಮೊದಲ ಎರಡು ತಿಂಗಳು ನಾನು ಬೋರ್ಡಿಗೆ ತಿರುಗಿಕೊಂಡೇ ಮಾತಾಡಿದ್ದೆ. ಅವಳಿಗೆ ಕಂಡದ್ದು ನನ್ನ ಬೆನ್ನು. ಅದು ಇಂದಿಗೂ ನನ್ನನ್ನು ಚುಚ್ಚುತ್ತದೆ.

ನೋಟ್ಸನ್ನು ಗೆಳತಿಯರು ಕೊಟ್ಟರು. ಆದರೆ ಕ್ಲಾಸೆಲ್ಲ ನಕ್ಕಾಗ ಅವಳು ಒಂದು ಕ್ಷಣ ತಡವಾಗಿ ನಗುತ್ತಿದ್ದಳು. ಏನೆಂದು ಕೇಳಿದರೆ "ಆಮೇಲೆ ಹೇಳ್ತೀನಿ" ಎಂಬ ಉತ್ತರ. ಆ ಆಮೇಲೆ ಬರುತ್ತಿರಲಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಸರ್ಕಾರಿ, ಅನುದಾನಿತ ಕಾಲೇಜುಗಳಲ್ಲಿ ಕನಿಷ್ಠ ಶೇ. 5ರಷ್ಟು ಸೀಟು ಮೀಸಲಿಡಬೇಕೆನ್ನುತ್ತದೆ. ಸೀಟು ಕೊಟ್ಟು, ಪಕ್ಕದವರ ಜೊತೆ ಮಾತೇ ಇಲ್ಲದೆ ಮೂರು ವರ್ಷ ಕೂರಿಸುವುದು ಯಾವ ನ್ಯಾಯ?

ಸನ್ನೆ ಭಾಷೆಯೆಂದರೆ ಸುಮ್ಮನೆ ಕೈ ಆಡಿಸುವುದಲ್ಲ. ಭಾರತೀಯ ಸನ್ನೆ ಭಾಷೆಗೆ ತನ್ನದೇ ವ್ಯಾಕರಣವಿದೆ. ಏನು, ಎಲ್ಲಿ ಎಂಬ ಪದ ವಾಕ್ಯದ ಕೊನೆಗೆ ಬರುತ್ತದೆ, ನಾವು "ನಿನ್ನ ಹೆಸರೇನು" ಅನ್ನುವ ಹಾಗೆ. ಹೌದು, ಇಲ್ಲ ಎಂದು ಉತ್ತರಿಸುವ ಪ್ರಶ್ನೆಯಾದರೆ ಹುಬ್ಬು ಏರಬೇಕು. ದೆಹಲಿಯ ಭಾರತೀಯ ಸನ್ನೆ ಭಾಷಾ ಸಂಶೋಧನೆ ಮತ್ತು ತರಬೇತಿ ಕೇಂದ್ರದ ವಿಡಿಯೊ ನಿಘಂಟಿನಲ್ಲಿ 2021ರ ಹೊತ್ತಿಗೇ 10,000 ಪದಗಳಿದ್ದವು. ನಮ್ಮ ಹುಡುಗಿಯರು ಫೋನಿನಲ್ಲಿ ಅದನ್ನು ನೋಡಿ ಕಲಿತರು, ತಪ್ಪಿದ್ದನ್ನು ಅವಳೇ ತಿದ್ದಿದಳು.

ಕಳೆದ ಜುಲೈಯಲ್ಲಿ ಶೀಟಿನ ಮಾಡಿನ ಮೇಲೆ ಮಳೆ ಸುರಿದು ನನ್ನ ದನಿ ಮುಂದಿನ ಬೆಂಚಿಗೂ ಮುಟ್ಟಲಿಲ್ಲ. ಪಾಠ ನಿಲ್ಲಿಸಿ ಕೂತೆ. ಕಿಟಕಿ ಪಕ್ಕ ಅವಳೂ ಇಬ್ಬರು ಗೆಳತಿಯರೂ ಕೈಯಲ್ಲೇ ಹರಟುತ್ತಿದ್ದರು. ಆಮೇಲೆ ಅವಳು ನನ್ನ ಕಡೆ ತಿರುಗಿ, ಹುಬ್ಬು ಏರಿಸಿ ಕೇಳಿದಳು: ನಾಳೆ ಮಳೆ ರಜೆಯಾ? ಅಷ್ಟಕ್ಕೆ ಉತ್ತರಿಸುವಷ್ಟು ನಾನೂ ಕಲಿತಿದ್ದೆ. ಡಿಸಿ ಇನ್ನೂ ಹೇಳಿಲ್ಲ, ಎಂದೆ.