ಏರಿನಲ್ಲಿ ಇಳಿಯುವ ಮುಳ್ಳು

ಕಾರು ಏರು ಹತ್ತುವಾಗ ಎಂಜಿನ್ನಿನ ಉಷ್ಣತೆ ತೋರಿಸುವ ಮುಳ್ಳು ತುಸು ಮೇಲೇರಬೇಕು. ನನ್ನ ಕಾರಿನಲ್ಲಿ ಅದು ಇಳಿಯುತ್ತಿತ್ತು. ನಡುವಿನಿಂದ ಮೆಲ್ಲಗೆ ಜಾರಿ, ಕಾರನ್ನು ಆಗತಾನೇ ಶುರು ಮಾಡಿದೆನೋ ಎಂಬಂತೆ ಕೆಳಗಿನ ಗೆರೆಯ ಮೇಲೆ ಮಲಗುತ್ತಿತ್ತು. ಸ್ವಲ್ಪ ಹೊತ್ತಿನ ಮೇಲೆ ತಾನಾಗಿಯೇ ಎದ್ದು ಬರುತ್ತಿತ್ತು. ಈಗ ಇದನ್ನು ಇಷ್ಟು ಸಲೀಸಾಗಿ ಹೇಳುತ್ತಿದ್ದೇನೆ; ಆದರೆ ಏರಿಗೂ ಮುಳ್ಳಿಗೂ ನಂಟಿದೆ ಎಂದು ಕಂಡುಕೊಳ್ಳುವುದಕ್ಕೇ ಎರಡು ತಿಂಗಳು ಹಿಡಿಯಿತು. ಅಲ್ಲಿಯವರೆಗೆ ಅದು ಮನಸ್ಸು ಬಂದಾಗ ಬೀಳುತ್ತದೆ, ಮನಸ್ಸು ಬಂದಾಗ ಏಳುತ್ತದೆ ಎಂದೇ ತೋರುತ್ತಿತ್ತು.

ಕಾರಿಗೆ ನಲವತ್ತು ವರ್ಷ ದಾಟಿದೆ. ನೀರು ಕಾದರೆ ಎಚ್ಚರಿಸಲು ಬೇರೆ ದೀಪವಿಲ್ಲ, ಆ ಒಂದು ಮುಳ್ಳೇ ಗತಿ. ‘ಓಡುತ್ತಿದೆಯಲ್ಲ ಸಾರ್, ಮುಳ್ಳು ನೋಡುವುದನ್ನು ಬಿಟ್ಟುಬಿಡಿ’ ಎಂದು ಒಬ್ಬ ಮೆಕ್ಯಾನಿಕ್ ಹೇಳಿದರು. ನನಗೆ ಅದನ್ನು ಒಪ್ಪಲಾಗಲಿಲ್ಲ. ಕಾದಿಲ್ಲದಿದ್ದರೂ ಕಾದಿದೆ ಎನ್ನುವ ಮುಳ್ಳು ನಮ್ಮನ್ನು ದಾರಿಯಲ್ಲಿ ನಿಲ್ಲಿಸುತ್ತದೆ, ಅಷ್ಟೆ. ಕಾದಿದ್ದರೂ ತಣ್ಣಗಿದೆ ಎನ್ನುವ ಮುಳ್ಳು ಎಂಜಿನ್ನಿನ ಮೇಲ್ಭಾಗವಾದ ಸಿಲಿಂಡರ್ ಹೆಡ್ ಸೊಟ್ಟಗಾಗುವವರೆಗೂ ಓಡಿಸಿಬಿಡುತ್ತದೆ. ಜೊತೆಗೆ ಇನ್ನೊಂದು ಭಯವಿತ್ತು. ರೇಡಿಯೇಟರಿನ ನೀರು ಸೋರಿ, ಉಷ್ಣತೆ ಅಳೆಯುವ ಸೆನ್ಸರಿನ ಸುತ್ತ ಬರೀ ಗಾಳಿ ಉಳಿದರೂ ಮುಳ್ಳು ಇಳಿಯಬಹುದು, ಏಕೆಂದರೆ ನೀರಿನಷ್ಟು ಚೆನ್ನಾಗಿ ಗಾಳಿ ಬಿಸಿಯನ್ನು ಮುಟ್ಟಿಸುವುದಿಲ್ಲ. ಆದ್ದರಿಂದ ಎಂಜಿನ್ ಪೂರ್ತಿ ತಣ್ಣಗಾಗಿದ್ದ ಬೆಳಗಿನ ಹೊತ್ತು ಮುಚ್ಚಳ ತೆಗೆದು ನೋಡಿದೆ. ಕೂಲೆಂಟ್, ಎಂದರೆ ಎಂಜಿನ್ ತಣಿಸುವ ನೀರು, ಕತ್ತಿನವರೆಗೂ ಇತ್ತು. ಒಂದು ವಾರ ಬಿಟ್ಟು ನೋಡಿದರೂ ಅಷ್ಟೇ ಇತ್ತು.

ಮುಂದಿನ ಅನುಮಾನ, ಬಿಸಿಯಾದ ನೀರನ್ನು ರೇಡಿಯೇಟರಿಗೆ ಬಿಡುವ ಕವಾಟವಾದ ಥರ್ಮೋಸ್ಟಾಟ್ ಮೇಲೆ ಬಿತ್ತು. ನನ್ನ ಕಾರಿನಲ್ಲಿ ಅದು 82 ಡಿಗ್ರಿಗೆ ತೆರೆದುಕೊಳ್ಳಬೇಕು. ತೆರೆದೇ ಕಚ್ಚಿಕೊಂಡರೆ ನೀರು ಸದಾ ರೇಡಿಯೇಟರಿಗೆ ಹರಿದು, ಓಡುವಾಗ ಎಂಜಿನ್ ತಣ್ಣಗಾಗುತ್ತದೆ. ಹೊಸದನ್ನು ಹಾಕಿಸಿದೆ. ಮುಳ್ಳು ಮತ್ತೆ ಬಿತ್ತು. ಅವಸರಪಟ್ಟೆ ಎಂದು ತಿಳಿದದ್ದು ಆಮೇಲೆ, ಒಂದು ಸಂಜೆ ಮುಳ್ಳು ಬಿದ್ದಾಗಲೇ ಹೀಟರ್ ಹಾಕಿ ನೋಡಿದಾಗ. ಹೀಟರಿಗೆ ಬರುವುದೂ ಎಂಜಿನ್ನಿನ ಬಿಸಿನೀರೇ. ನೀರು ನಿಜವಾಗಿ ತಣ್ಣಗಾಗಿದ್ದರೆ ಗಾಳಿಯೂ ತಣ್ಣಗಾಗಬೇಕಿತ್ತು. ಕಾಲಿಗೆ ಬಡಿದದ್ದು ಸುಡುವ ಗಾಳಿ. ಒಂದು ಸ್ಪ್ಯಾನರನ್ನೂ ಮುಟ್ಟದೆ ಅರ್ಧ ಸಂಶಯ ಪರಿಹಾರವಾಯಿತು: ಎಂಜಿನ್ ಬಿಸಿಯಾಗಿಯೇ ಇದೆ, ಮುಳ್ಳಿಗೆ ಮಾತ್ರ ಸುದ್ದಿ ತಲುಪುತ್ತಿಲ್ಲ.

ಸುದ್ದಿ ಸಾಗುವ ದಾರಿ ಬಹಳ ಚಿಕ್ಕದು. ಎಂಜಿನ್ನಿನ ನೀರಿನಲ್ಲಿ ತಲೆ ಅದ್ದಿಕೊಂಡಿರುವ ಸೆನ್ಸರ್, ಅಲ್ಲಿಂದ ಡ್ಯಾಶ್‌ಬೋರ್ಡಿಗೆ ಒಂದೇ ಒಂದು ವೈರ್. ಸೆನ್ಸರಿನ ಅರ್ಥ್, ಎಂದರೆ ಕರೆಂಟ್ ಮರಳುವ ದಾರಿ, ಅದರ ತಿರುಪಿನ ಸುತ್ತುಗಳ ಮೂಲಕ ಎಂಜಿನ್ನಿನ ಮೈಗೇ ಸಿಗುತ್ತದೆ. ನೀರು ಬಿಸಿಯಾದಷ್ಟೂ ಸೆನ್ಸರಿನ ವಿದ್ಯುತ್ ರೋಧ ಕಡಿಮೆಯಾಗಿ, ಮುಳ್ಳಿರುವ ಮೀಟರಿನಲ್ಲಿ ಹೆಚ್ಚು ಕರೆಂಟ್ ಹರಿಯುತ್ತದೆ. ಮೀಟರಿನೊಳಗೆ ಎರಡು ಲೋಹಗಳನ್ನು ಬೆಸೆದ ಪಟ್ಟಿಯೊಂದಿದೆ. ಆ ಕರೆಂಟಿನಿಂದ ಅದು ಕಾದು ಬಾಗಿದಾಗ ಮುಳ್ಳು ಏಳುತ್ತದೆ. ಮೀಟರಿಗೆ ಹೋಗುವ ವೋಲ್ಟೇಜನ್ನು ಸುಮಾರು ಹತ್ತಕ್ಕೆ ಹಿಡಿದಿಡುವ ಒಂದು ಸ್ಟೆಬಿಲೈಸರ್ ಇದೆ. ಪೆಟ್ರೋಲ್ ಮೀಟರಿಗೂ ಅದರಿಂದಲೇ ಕರೆಂಟ್. ಅದು ಕೆಟ್ಟಿದ್ದರೆ ಎರಡು ಮುಳ್ಳುಗಳೂ ಜೊತೆಯಾಗಿ ಬೀಳಬೇಕಿತ್ತು. ಪೆಟ್ರೋಲ್ ಮುಳ್ಳು ಒಮ್ಮೆಯೂ ಅಲುಗಲಿಲ್ಲ.

ಸೆನ್ಸರನ್ನು ಬಿಚ್ಚಿ ಪಾತ್ರೆಯ ನೀರಿನಲ್ಲಿಟ್ಟು, ಪಕ್ಕದಲ್ಲೊಂದು ಥರ್ಮಾಮೀಟರ್ ಇಳಿಬಿಟ್ಟು ಒಲೆಯ ಮೇಲೆ ಕಾಯಿಸಿದೆ. ತಣ್ಣೀರಿನಲ್ಲಿ ಸುಮಾರು 500 ಓಮ್ ಇದ್ದ ಅದರ ರೋಧ ಕುದಿಯುವ ಹೊತ್ತಿಗೆ 40ರ ಆಸುಪಾಸಿಗೆ ಇಳಿಯಿತು, ನಡುವೆ ಎಲ್ಲೂ ಎಗರದೆ, ಒಂದೇ ಹದದಲ್ಲಿ. ಅದನ್ನು ನೋಡುವುದೇ ಒಂದು ಸಂತೋಷ. ನಲವತ್ತು ವರ್ಷ ಬಿಸಿನೀರಿನಲ್ಲಿ ಬೆಂದ ಆ ಪುಟ್ಟ ಹಿತ್ತಾಳೆಯ ತುಂಡು ತನ್ನ ಕೆಲಸವನ್ನು ಮರೆತಿರಲಿಲ್ಲ. ತಿರುಪಿನ ಸುತ್ತುಗಳನ್ನು ಉಜ್ಜಿ, ಅರ್ಥ್ ತಪ್ಪದಿರಲೆಂದು ಸೋರಿಕೆ ತಡೆಯುವ ಟೇಪ್ ಸುತ್ತದೆ ಮತ್ತೆ ಕೂರಿಸಿದೆ. ವೈರನ್ನೂ ಮಲ್ಟಿಮೀಟರಿನಲ್ಲಿ ನೋಡಿದೆ, ಸರಿಯಿತ್ತು. ನಿಂತ ಕಾರಿನಲ್ಲಿ ಎಲ್ಲವೂ ಸರಿಯಿತ್ತು.

ಕೊನೆಗೆ ಕಾರಿನಲ್ಲಿ ಒಂದು ನೋಟ್‌ಬುಕ್ ಇಟ್ಟೆ. ಪಕ್ಕದಲ್ಲಿ ಕೂತವರು ಬರೆಯಬೇಕು: ಮುಳ್ಳು ಯಾವಾಗ ಬಿತ್ತು, ಯಾವ ಗೇರ್, ತಿರುವೋ, ಗುಂಡಿಯೋ. ಮೂರು ವಾರದ ಬರಹದಲ್ಲಿ ಯಾವ ಜಾಡೂ ಸಿಗಲಿಲ್ಲ. ಒಮ್ಮೆ ಸಮತಟ್ಟಿನಲ್ಲಿ, ಒಮ್ಮೆ ಇಳಿಜಾರು ಶುರುವಾದ ಮೇಲೆ, ಒಮ್ಮೆ ಸಿಗ್ನಲ್ ದೀಪ ಕಂಡು ನಿಧಾನಿಸುವಾಗ. ಆ ಪುಟಗಳನ್ನು ಮತ್ತೆ ಮತ್ತೆ ತಿರುವಿಹಾಕುತ್ತಿದ್ದಾಗ ಆ ಲೋಹದ ಪಟ್ಟಿ ನೆನಪಾಯಿತು. ಅದು ಕಾಯುವುದಕ್ಕೂ ಆರುವುದಕ್ಕೂ ಹೊತ್ತು ಬೇಕು. ಮುಳ್ಳು ಬಿದ್ದದ್ದು ಕಣ್ಣಿಗೆ ಕಾಣುವ ಹೊತ್ತಿಗೆ, ಅದನ್ನು ಬೀಳಿಸಿದ ಗಳಿಗೆ ಹಿಂದೆ ಉಳಿದಿರುತ್ತದೆ. ಪ್ರತಿ ಟಿಪ್ಪಣಿಯನ್ನೂ ಅರ್ಧ ನಿಮಿಷ ಹಿಂದಕ್ಕೆ ಸರಿಸಿ, ಆಗ ಕಾರು ಎಲ್ಲಿತ್ತು ಎಂದು ನೆನಪಿಸಿಕೊಂಡೆ. ಎಲ್ಲ ಕಡೆಯೂ ನನ್ನ ಕಾಲು ಆಕ್ಸಿಲರೇಟರ್ ಮೇಲೆ ಬಲವಾಗಿ ಊರಿತ್ತು. ಹೆಚ್ಚಿನವು ಏರುಗಳು.

ಆಕ್ಸಿಲರೇಟರ್ ಒತ್ತಿದಾಗ ಎಂಜಿನ್ ತನ್ನ ರಬ್ಬರ್ ಮೌಂಟಿಂಗ್‌ಗಳ ಮೇಲೆ ಒಂದು ಪಕ್ಕಕ್ಕೆ ವಾಲುತ್ತದೆ. ಕಾರಿನ ಮೈ ವಾಲುವುದಿಲ್ಲ. ಇವೆರಡರ ನಡುವೆ ಹಾದುಹೋಗುವ ವೈರ್ ಎಳೆತಕ್ಕೆ ಸಿಗಬಹುದು.

ಮರುದಿನ ಎಂಜಿನ್ನನ್ನು ಚೆನ್ನಾಗಿ ಬಿಸಿ ಮಾಡಿ ನಿಲ್ಲಿಸಿ, ಕೀಲಿಯನ್ನು ಮಾತ್ರ ತಿರುಗಿಸಿಟ್ಟು, ತಂಗಿಯನ್ನು ಒಳಗೆ ಕೂರಿಸಿದೆ. ಮರದ ತುಂಡೊಂದನ್ನು ಸನ್ನೆಕೋಲಾಗಿಸಿ ಎಂಜಿನ್ನನ್ನು ಪಕ್ಕಕ್ಕೆ ಒತ್ತಿ ಹಾಗೆಯೇ ಹಿಡಿದೆ. ಒತ್ತಿ ಬಿಟ್ಟುಬಿಟ್ಟರೆ ಆ ಸೋಮಾರಿ ಮುಳ್ಳಿಗೆ ಗೊತ್ತೇ ಆಗುವುದಿಲ್ಲ. ತೋಳು ನೋಯತೊಡಗಿತು. ‘ಅಣ್ಣಾ, ಇಳಿಯುತ್ತಿದೆ... ಇಳಿಯುತ್ತಲೇ ಇದೆ!’ ಎಂದು ಅವಳು ಕೂಗಿದಳು. ಒತ್ತು ಸಡಿಲಿಸಿದೆ. ‘ಏಳುತ್ತಿದೆ.’ ಇನ್ನೂ ಎರಡು ಸಲ ಮಾಡಿ ನೋಡಿದೆವು. ಎರಡು ತಿಂಗಳು ತನ್ನ ಇಷ್ಟಕ್ಕೆ ಕುಣಿದ ಮುಳ್ಳು ನನ್ನ ಕೈಯ ಮಾತು ಕೇಳುತ್ತಿತ್ತು. ಆ ಖುಷಿಯಲ್ಲಿ ತೋಳಿನ ನೋವು ಮರೆತೇಹೋಯಿತು.

ವೈರನ್ನು ಬೆರಳುಗಳ ನಡುವೆ ಹಿಡಿದು ಸೆನ್ಸರ್ ಕಡೆಯಿಂದ ಇಂಚಿಂಚಾಗಿ ಬಾಗಿಸುತ್ತ ಬಂದೆ. ಟರ್ಮಿನಲ್‌ನಿಂದ ನಾಲ್ಕು ಬೆರಳಿನಾಚೆ ಒಂದು ಕಡೆ ಅದು ದಾರದಂತೆ ಮೆತ್ತಗೆ ಮಡಚಿಕೊಂಡಿತು. ಮೇಲಿನ ಹೊದಿಕೆ ಗಟ್ಟಿಯಾಗಿತ್ತು, ಒಂದು ಬಿರುಕೂ ಇರಲಿಲ್ಲ. ಸೀಳಿ ನೋಡಿದರೆ ತಾಮ್ರದ ಎಳೆಗಳೆಲ್ಲ ತುಂಡಾಗಿದ್ದವು. ಎಂಜಿನ್ ಸುಮ್ಮನಿದ್ದಾಗ ಅವುಗಳ ತುದಿಗಳು ಒಂದಕ್ಕೊಂದು ತಾಗಿಕೊಂಡಿರುತ್ತಿದ್ದವು, ವಾಲಿದಾಗ ದೂರವಾಗುತ್ತಿದ್ದವು. ಹಿಂದೆ ಯಾರೋ ಟರ್ಮಿನಲ್ ಬದಲಿಸುವಾಗ ವೈರನ್ನು ಕತ್ತರಿಸಿ ಗಿಡ್ಡ ಮಾಡಿದ್ದರು. ಬಿಗಿಯಾಗಿ ನಿಂತ ವೈರ್ ಪ್ರತಿ ಏರಿನಲ್ಲೂ ಎಳೆತ ತಿಂದಿತ್ತು.

ಹಾಳಾದ ತುಂಡನ್ನು ಕತ್ತರಿಸಿ ತೆಗೆದು, ಉದ್ದದ ಹೊಸ ವೈರ್ ಸೇರಿಸಿ ಬೆಸುಗೆ ಹಾಕಿದೆ. ಬೆಸುಗೆಯ ಜಾಗದಲ್ಲಿ ಮತ್ತೆ ಮುರಿಯದಂತೆ ಅದನ್ನು ಅಲುಗಾಡದ ಕಡೆ ಕಟ್ಟಿ, ಎಂಜಿನ್ ಬದಿಯಲ್ಲಿ ಒಂದು ದೊಡ್ಡ ಕೊಂಡಿಯಷ್ಟು ಸಡಿಲ ಬಿಟ್ಟೆ.

ಆ ಸಂಜೆಯೇ ಅದೇ ಏರು ಹತ್ತಿದೆವು. ತಂಗಿ ಮುಳ್ಳಿನಿಂದ ಕಣ್ಣು ತೆಗೆಯಲಿಲ್ಲ. ಅರ್ಧ ದಾರಿಗೆ ಅದು ನಡುಗೆರೆಯನ್ನು ಬಿಟ್ಟು ಒಂದು ಕೂದಲೆಳೆ ಮೇಲೆ ಸರಿಯಿತು. ನೆತ್ತಿ ದಾಟಿ ಕೆಳಗಿಳಿಯುವಾಗ ಮತ್ತೆ ನಡುವಿಗೆ ಬಂದು ನಿಂತಿತು.