ಅಲೋಪ್ಯೂರಿನಾಲ್ ಪಕ್ಕದಲ್ಲಿ ಅಮೃತಬಳ್ಳಿ: ಎಲ್ಲಿ ಹೊಂದುತ್ತೆ, ಎಲ್ಲಿ ಎಡವಟ್ಟು

ಯೂರಿಕ್ ಆಸಿಡ್ ಇರುವವರ ಮನೆಯಲ್ಲಿ ಸಾಮಾನ್ಯವಾಗಿ ಎರಡು ಡಬ್ಬಿ ಇರುತ್ತವೆ. ಒಂದರಲ್ಲಿ ಯೂರಿಕ್ ಆಸಿಡ್ ಇಳಿಸುವ ಮಾತ್ರೆ, ಅಲೋಪ್ಯೂರಿನಾಲ್ ಅಥವಾ ಫೆಬುಕ್ಸೋಸ್ಟ್ಯಾಟ್, ಇನ್ನೊಂದರಲ್ಲಿ ಆಯುರ್ವೇದದ ಕೈಶೋರ ಗುಗ್ಗುಲು ಗುಳಿಗೆ, ಅಮೃತಬಳ್ಳಿ ಚೂರ್ಣ. ಡಾಕ್ಟರಿಗೆ ಎರಡನೆಯದರ ಸುದ್ದಿ ಗೊತ್ತಿರುವುದಿಲ್ಲ, ಪಂಡಿತರಿಗೆ ಮೊದಲನೆಯದರದ್ದು. ಎರಡೂ ಜೊತೆಗಿರಲೇಬಾರದು ಅಂತಲ್ಲ. ಯಾವುದು ಯಾವಾಗ ಸೇರಬೇಕು ಅನ್ನುವುದಕ್ಕೆ ಒಂದು ಕ್ರಮ ಇದೆ.

ಮೊದಲು ಗುರಿ ಗೊತ್ತಿರಲಿ. ಲ್ಯಾಬ್ ರಿಪೋರ್ಟಿನಲ್ಲಿ ಗಂಡಸರಿಗೆ ಯೂರಿಕ್ ಆಸಿಡ್ ಸುಮಾರು 7ರವರೆಗೂ (ಮಿ.ಗ್ರಾಂ/ಡಿಎಲ್ ಲೆಕ್ಕದಲ್ಲಿ) ನಾರ್ಮಲ್ ಅಂತಲೇ ಅಚ್ಚಾಗಿರುತ್ತದೆ. ಆದರೆ 6.8 ದಾಟಿದರೆ ಹರಳುಗಟ್ಟಲು ಶುರು. ಹಾಗಾಗಿ ಗೌಟ್, ಅಂದರೆ ಆ ಹರಳಿನಿಂದ ಬರುವ ಕೀಲುನೋವು, ಇದ್ದವರಿಗೆ 6ರ ಒಳಗೆ, ಚರ್ಮದಡಿ ಗಂಟು ಕಟ್ಟಿದ್ದರೆ 5ರ ಒಳಗೆ ಬರಬೇಕು. ಹೆಬ್ಬೆರಳು ಊದಿ ನೋಯುತ್ತಿರುವಾಗ ಮಾಡಿಸಿದ ಟೆಸ್ಟನ್ನು ನಂಬಬೇಡಿ, ಆಗ ಅದು ಕಡಿಮೆ ತೋರಿಸಬಹುದು. ನೋವು ಇಳಿದು 2ರಿಂದ 4 ವಾರವಾದ ಮೇಲೆ ಮತ್ತೆ ಮಾಡಿಸಿ.

9 ಇದ್ದದ್ದನ್ನು 6ರ ಕೆಳಗಿಳಿಸಿ ವರ್ಷಗಟ್ಟಲೆ ಅಲ್ಲೇ ಹಿಡಿದಿಡುವುದು ಮಾತ್ರೆಯ ಕೆಲಸ. ಅಲೋಪ್ಯೂರಿನಾಲ್ ದಿನಕ್ಕೆ 100 ಮಿ.ಗ್ರಾಂನಿಂದ, ಕಿಡ್ನಿ ಸೋತಿದ್ದರೆ 50ರಿಂದ ಶುರುವಾಗುತ್ತದೆ. ಪ್ರತಿ 2ರಿಂದ 5 ವಾರಕ್ಕೊಮ್ಮೆ ರಕ್ತ ಪರೀಕ್ಷೆ ನೋಡಿಕೊಂಡು ಡಾಕ್ಟರು ಏರಿಸುತ್ತಾರೆ. ಮೊದಲ ತಿಂಗಳುಗಳಲ್ಲಿ ಹಳೆಯ ಹರಳು ಕರಗಿ ಕದಲುವುದರಿಂದ ನೋವು ಮರುಕಳಿಸುವುದುಂಟು. ಅದಕ್ಕೇ 3ರಿಂದ 6 ತಿಂಗಳು ಆ ನೋವನ್ನು ತಡೆಯುವ ಕೊಲ್ಚಿಸಿನ್ ಮಾತ್ರೆ 0.5 ಮಿ.ಗ್ರಾಂ ಜೊತೆಗೆ ಕೊಡುವುದು. ಹೆಚ್ಚಿನವರು ಎಡವುವುದು ಇಲ್ಲೇ: 'ಮಾತ್ರೆಯಿಂದ ನೋವು ಜಾಸ್ತಿಯಾಯ್ತು' ಅಂತ ಬಿಟ್ಟು ಕಷಾಯಕ್ಕೆ ಹೋಗುತ್ತಾರೆ. ಗೌಟ್ ನೋವು ಒಂದೆರಡು ವಾರದಲ್ಲಿ ತಾನಾಗಿಯೇ ಇಳಿಯುವಂಥದ್ದು. ಹೆಸರು ಮಾತ್ರ ಕಷಾಯಕ್ಕೆ ಬರುತ್ತದೆ.

ಅಲೋಪ್ಯೂರಿನಾಲ್ ಶುರುವಾದ ಮೊದಲ 8 ವಾರ ಹೊಸ ಮೂಲಿಕೆ ಯಾವುದೂ ಬೇಡ. ಈ ಮಾತ್ರೆಯ ಅಪರೂಪದ, ಆದರೆ ಪ್ರಾಣಕ್ಕೇ ಕುತ್ತು ತರುವ ಅಲರ್ಜಿ ಹೆಚ್ಚಾಗಿ ಆ ಅವಧಿಯಲ್ಲೇ ಕಾಣಿಸಿಕೊಳ್ಳುವುದು. ಮೈಮೇಲೆ ದದ್ದು, ಜ್ವರ, ಬಾಯಿಹುಣ್ಣು ಬಂದರೆ ಅದೇ ದಿನ ನಿಲ್ಲಿಸಿ ಡಾಕ್ಟರ ಹತ್ತಿರ ಹೋಗಬೇಕು. ಜೊತೆಯಲ್ಲಿ ಚೂರ್ಣವನ್ನೂ ಶುರು ಮಾಡಿದ್ದರೆ 'ಇದು ಅದರ ಉಷ್ಣ' ಅಂತ ಎರಡು ದಿನ ಕಳೆದುಹೋಗುತ್ತದೆ.

ಡೋಸ್ ನೆಲೆಗೊಂಡ ಮೇಲೆ ಒಂದೇ ಒಂದು ಮೂಲಿಕೆ ಸೇರಿಸಿ. ಮೊದಲು ರಕ್ತದ ಯೂರಿಕ್ ಆಸಿಡ್, ಕ್ರಿಯಾಟಿನಿನ್ (ಕಿಡ್ನಿಯ ಟೆಸ್ಟ್), ಎಸ್‌ಜಿಪಿಟಿ (ಲಿವರಿನ ಟೆಸ್ಟ್) ಬರೆದಿಟ್ಟುಕೊಳ್ಳಿ. 4ರಿಂದ 6 ವಾರಕ್ಕೆ ಅದೇ ಲ್ಯಾಬಿನಲ್ಲಿ ಅದೇ ಮೂರು. ಎಸ್‌ಜಿಪಿಟಿ ಯಾಕೆಂದರೆ ಫೆಬುಕ್ಸೋಸ್ಟ್ಯಾಟ್‌ನಿಂದಲೂ ಲಿವರ್ ಎನ್‌ಜೈಮ್ ಏರಬಹುದು, ಅಮೃತಬಳ್ಳಿಯಿಂದ ಲಿವರ್ ಕೆಟ್ಟ ಪ್ರಕರಣಗಳೂ 2021ರಲ್ಲಿ ಮುಂಬೈಯಿಂದ ವರದಿಯಾಗಿವೆ. ಅದು ಬೇರೆ ಜಾತಿಯ ಬಳ್ಳಿ ಬೆರೆತದ್ದರಿಂದ ಇರಬಹುದು ಎಂದು ಆಯುಷ್ ಸಚಿವಾಲಯ ಹೇಳಿತು. ಆ ಜಾತಿಯ ಕಾಂಡ ಬೂದುಬಣ್ಣ, ಮೈತುಂಬ ಗುಬುಟು. ಬೇಲಿಯಿಂದ ಕಿತ್ತು ತರುವವರು ಕಾಂಡವನ್ನು ಸವರಿ ನೋಡಿ. ಪುಡಿಯಾದ ಮೇಲೆ ಗುರುತು ಹಿಡಿಯಲಾಗದು.

ಎಲ್ಲಕ್ಕಿಂತ ಅಪಾಯದ ಜೋಡಿ ಸೂರಂಜಾನ್ ಮತ್ತು ಕೊಲ್ಚಿಸಿನ್. ಯುನಾನಿಯ ಮಾಜೂನ್ ಸೂರಂಜಾನ್‌ನಲ್ಲಿರುವುದು ಕೊಲ್ಚಿಕಂ ಗೆಡ್ಡೆ, ಅಂದರೆ ಅದೇ ಕೊಲ್ಚಿಸಿನ್. ಮಾತ್ರೆಯ ಮೇಲೆ ಮಾತ್ರೆ ನುಂಗಿದ ಹಾಗೆ. ಅಗ್ನಿಶಿಖೆಯ ಗೆಡ್ಡೆಯಲ್ಲೂ ಅದೇ ವಿಷ. ವಾಂತಿ, ಭೇದಿ ಶುರುವಾದರೆ ಕೊಲ್ಚಿಸಿನ್ ಹೆಚ್ಚಾಗಿದೆ ಎಂದೇ ತಿಳಿಯಬೇಕು. ತ್ರಿಫಲ ಕೂಡ ಕುಡಿಯುತ್ತಿದ್ದರೆ ಭೇದಿ ಅದರದೆಂದು ತಪ್ಪು ತಿಳಿಯುವುದು ಸುಲಭ, ಆದ್ದರಿಂದ ಕೊಲ್ಚಿಸಿನ್ ನಡೆಯುವಾಗ ತ್ರಿಫಲ ಬೇಡ.

ಕೈಶೋರ ಗುಗ್ಗುಲುವಿನ ಲೇಬಲ್ ಓದಿ: ತ್ರಿಕಟು ಇದೆ, ಅಂದರೆ ಶುಂಠಿ, ಮೆಣಸು, ಹಿಪ್ಪಲಿ. ಮೆಣಸು ಹಿಪ್ಪಲಿಗಳಲ್ಲಿರುವ ಪಿಪರೀನ್ ಎಂಬ ಅಂಶ ಫೆನಿಟಾಯಿನ್ (ಮೂರ್ಛೆರೋಗದ್ದು), ಪ್ರೊಪ್ರನೊಲಾಲ್‌ (ಬಿಪಿಯದ್ದು) ಅಂಥ ಔಷಧಗಳನ್ನು ರಕ್ತದಲ್ಲಿ ಏರಿಸುತ್ತದೆ. ಕೊಲ್ಚಿಸಿನ್ ಹೊರಹೋಗುವ ದಾರಿಯನ್ನೂ ಅದು ತಡೆಯಬಹುದು. ಸಾರಿನ ಮೆಣಸಿಗೆ ಹೆದರಬೇಕಿಲ್ಲ, ದಿನಾ ನುಂಗುವ ಗುಳಿಗೆಯ ಮಾತು ಬೇರೆ. 'ಅರ್ಧ ಗಂಟೆ ಬಿಟ್ಟು ತಗೊಳ್ಳಿ' ಅನ್ನುವ ಸಲಹೆಯಿಂದ ಇದು ಸರಿಹೋಗದು. ಹೊಟ್ಟೆಯಲ್ಲಿ ಎರಡೂ ಬೆರೆಯುವುದನ್ನು ಅಂತರ ತಪ್ಪಿಸೀತು, ಲಿವರಿನ ಎನ್‌ಜೈಮ್ ಕೆಲಸವನ್ನು ಅಲ್ಲ.

ನೆಗ್ಗಿಲು, ಪುನರ್ನವ ಮೂತ್ರ ಹೆಚ್ಚಿಸುತ್ತವೆ ಅಂತ ಕೊಡುತ್ತಾರೆ. ಬಿಪಿಗೆ ಮೂತ್ರದ ಮಾತ್ರೆ ನುಂಗುತ್ತಿರುವವರು ಇದನ್ನು ಕೇಳದೇ ಸೇರಿಸಬಾರದು, ನೀರಂಶ ಕಡಿಮೆಯಾದರೆ ಯೂರಿಕ್ ಆಸಿಡ್ ಏರುತ್ತದೆ. ಅರಿಷ್ಟ, ಆಸವಗಳಲ್ಲಿ ತಾನಾಗಿ ಹುಟ್ಟಿದ ಮದ್ಯ ಇರುತ್ತದೆ. ಪ್ರಮಾಣ ಸಣ್ಣದು, ಆದರೂ ಬಿಯರ್ ಬಿಟ್ಟವರಿಗೆ ಗೊತ್ತಿರಲಿ.

ಗ್ರಂಧಿಗೆ ಅಂಗಡಿಯಿಂದಲೋ ಊರ ಹಬ್ಬದ ಸ್ಟಾಲಿನಿಂದಲೋ ತಂದ ಹೆಸರಿಲ್ಲದ ಪೊಟ್ಟಣ 2 ದಿನದಲ್ಲೇ ನೋವು ಮಾಯ ಮಾಡಿದರೆ ಖುಷಿಪಡುವ ಬದಲು ಸ್ಟಿರಾಯ್ಡ್ ಬೆರೆತಿರಬಹುದು ಎಂದು ಅನುಮಾನಿಸಿ. ಹಾಗೆಯೇ ಭಸ್ಮ ಹಾಕಿದ ರಸೌಷಧ, ಅಂದರೆ ಲೋಹ, ಪಾದರಸ ಬಳಸಿ ಮಾಡುವ ಆಯುರ್ವೇದ ಔಷಧದ ಬಗ್ಗೆಯೂ ಎಚ್ಚರ. 2004ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಅಮೆರಿಕದ ಬಾಸ್ಟನ್ ಸುತ್ತಮುತ್ತ ಕೊಂಡ 70 ಆಯುರ್ವೇದ ಉತ್ಪನ್ನಗಳಲ್ಲಿ 14ರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಸಿಕ್ಕಿತ್ತು. ಸೀಸ ಮೈ ಸೇರಿದರೆ ಕಿಡ್ನಿ ಯೂರಿಕ್ ಆಸಿಡನ್ನು ಹೊರಹಾಕುವುದು ಕುಂಠಿತವಾಗುತ್ತದೆ. ಅದರಿಂದ ಬರುವ ಗೌಟ್‌ಗೆ ವೈದ್ಯಶಾಸ್ತ್ರದಲ್ಲಿ ಪ್ರತ್ಯೇಕ ಹೆಸರೇ ಇದೆ.