ಜಿಂಕೆ ಸೀಸನ್‌ಗೆ ಒಳಗಡೆ ಏನ್ ಹಾಕ್ಕೋಬೇಕು?

ನವೆಂಬರ್ ಕೊನೇಲಿ ಬರೋ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಹಿಂದಿನ ಶನಿವಾರ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ ಗನ್ ಡೀರ್ ಸೀಸನ್, ಅಂದ್ರೆ ಬಂದೂಕಲ್ಲಿ ಜಿಂಕೆ ಬೇಟೆ ಆಡೋ ಕಾಲ, ಶುರು ಆಗುತ್ತೆ, ಒಂಬತ್ತು ದಿನ, ಅಷ್ಟು ದಿನ ಆಫೀಸಲ್ಲಿ ಯಾರಿಗೂ ಮೀಟಿಂಗ್ ಇಡೋ ಹಾಗಿಲ್ಲ, ಇಟ್ರೂ ಯಾರೂ ಬರಲ್ಲ. ಈಗೀಗ ನಮ್ಮ ಕನ್ನಡದ ಹುಡುಗ್ರೂ ಒಬ್ಬೊಬ್ರಾಗಿ ಹಂಟರ್ ಎಜುಕೇಶನ್ ಕೋರ್ಸ್ ಮುಗಿಸ್ಕೊಂಡು ಹೊರಡ್ತಿದಾರೆ (1973ರ ಜನವರಿ 1ರಿಂದ ಈಚೆ ಹುಟ್ಟಿದೋರಿಗೆ, ಮೆಂಟರ್ ಅಂದ್ರೆ ಅನುಭವಿ ಬೇಟೆಗಾರನ ಜೊತೆ ಹೋಗೋದು ಮುಂತಾದ ವಿನಾಯಿತಿ ಬಿಟ್ರೆ, ಅದು ಕಡ್ಡಾಯ. ಎಚ್-1ಬಿ ಥರದ ವೀಸಾದಲ್ಲಿ ಇರೋರು ಹಂಟಿಂಗ್ ಲೈಸೆನ್ಸ್ ಕೈಗೆ ಬರೋಕ್ ಮುಂಚೆ ಬಂದೂಕು ಮುಟ್ಟೋಕೂ ಹೋಗ್ಬೇಡಿ, ಫೆಡರಲ್ ಕಾನೂನು ಅದು). ಊರಲ್ಲಿ 1972ರ ವನ್ಯಜೀವಿ ಕಾಯ್ದೆ ಬಂದ್ಮೇಲೆ ಶಿಕಾರಿ ಅನ್ನೋದು ಅಜ್ಜಂದಿರ ಕಥೆ ಆಗೋಯ್ತು, ಹಂಗಾಗಿ ಇಲ್ಲಿ ಲೈಸೆನ್ಸ್ ತಗೊಂಡು ರಾಜಾರೋಷವಾಗಿ ಹೋಗ್ಬಹುದು ಅಂದಾಗ ಉತ್ಸಾಹ ಜಾಸ್ತಿನೇ ಇರುತ್ತೆ.

ಎಲ್ಲರೂ ಕೇಳೋದು ರೈಫಲ್ ಯಾವ್ದು, ಸ್ಕೋಪ್ ಯಾವ್ದು, ಬೂಟ್ಸ್ ಯಾವ್ದು. ಮೈಗೆ ತಾಗಿಕೊಂಡಿರೋ ಬಟ್ಟೆ ಯಾವ್ದು ಅಂತ ಯಾರೂ ಕೇಳಲ್ಲ. ನಾನೇ ಕೇಳಿದ್ರೆ "ಅಮ್ಮ ಚಿಕ್ಕಪೇಟೆಯಿಂದ ಥರ್ಮಲ್ ತಂದ್ಕೊಟ್ಟಿದಾರೆ, ಸಾಕಲ್ವಾ?" ಅಂತಾರೆ.

ಸಾಲಲ್ಲ ಮಾರಾಯ.

ಥರ್ಮಲ್ ಕೆಟ್ಟದ್ದು ಅಂತಲ್ಲ, ಮನೆಯಿಂದ ಕಾರಿಗೆ ಕಾರಿಂದ ಆಫೀಸಿಗೆ ಹೋಗೋಕೆ ಅದು ಧಾರಾಳ ಆಯ್ತು. ಆದ್ರೆ ಅದರಲ್ಲಿ ಬಹಳಷ್ಟು ಕಾಟನ್ನು, ಇಲ್ಲಾ ಕಾಟನ್ ಮಿಕ್ಸು. ಜಿಂಕೆ ಬೇಟೆಯ ಚಳಿ ವಿಚಿತ್ರದ ಚಳಿ, ಮೊದಲು ಕತ್ತಲಲ್ಲಿ ಬೆನ್ನಿಗೆ ಬ್ಯಾಗು, ಹೆಗಲಿಗೆ ರೈಫಲ್ಲು, ಕಾಲಿಗೆ ಕಲ್ಲಿನ ಹಾಗಿರೋ ಬೂಟ್ಸು ಹಾಕ್ಕೊಂಡು ಅರ್ಧ ಮುಕ್ಕಾಲು ಗಂಟೆ ಹಿಮ ತುಳೀತಾ ನಡೀಬೇಕು, ಬೆವರು ಕಿತ್ಕೊಂಡು ಬರುತ್ತೆ, ಆಮೇಲೆ ಮರದ ಮೇಲಿನ ಸ್ಟ್ಯಾಂಡ್ ಹತ್ತಿ ಅಲ್ಲಾಡ್ದೆ ಮೂರು ನಾಲ್ಕು ಗಂಟೆ ಕೂರ್ಬೇಕು, ಕೆಮ್ಮೋ ಹಾಗೂ ಇಲ್ಲ. ಓಡೋರಿಗೆ, ಸ್ಕೀ ಮಾಡೋರಿಗೆ ಮೈ ಬಿಸಿ ಆಗ್ತಾನೇ ಇರುತ್ತೆ. ನಮಗೆ ಬಿಸಿ ಆಗೋದೂ ಉಂಟು, ಆಮೇಲೆ ಪೂರ್ತಿ ಆರೋದೂ ಉಂಟು, ಎರಡಕ್ಕೂ ಒಂದೇ ಬಟ್ಟೆ. ನೀರು ಗಾಳಿಗಿಂತ ಸುಮಾರು 25 ಪಟ್ಟು ಜೋರಾಗಿ ಶಾಖ ಎಳ್ಕೊಳ್ಳುತ್ತೆ, ಒದ್ದೆ ಕಾಟನ್ ಮೈಗೆ ಅಂಟಿ ಕೂತ್ಮೇಲೆ ಮೇಲ್ಗಡೆ ಎಷ್ಟು ಡಾಲರಿನ ಜಾಕೆಟ್ ಇದ್ರೂ ಪ್ರಯೋಜನ ಇಲ್ಲ. ಹೈಪೋಥರ್ಮಿಯಾಗೆ ಮೈನಸ್ ಟೆಂಪರೇಚರೇ ಬೇಕು ಅಂತಿಲ್ಲ, ಬಟ್ಟೆ ಒದ್ದೆ ಇದ್ದು ಗಾಳಿ ಬೀಸ್ತಿದ್ರೆ 5-10 ಡಿಗ್ರಿ ಸೆಲ್ಸಿಯಸ್‌ನಲ್ಲೂ ಆಗುತ್ತೆ.

ಅಂದ್ರೆ ಬೇಸ್ ಲೇಯರ್ (ಮೈಗೆ ತಾಗೋ ಮೊದಲ ಪದರದ ಒಳಬಟ್ಟೆ) ಇರೋದು ಬೆಚ್ಚಗಿಡೋಕಲ್ಲ, ಒಣಗಿಡೋಕೆ. ಬೆಚ್ಚಗಿಡೋ ಕೆಲಸ ಅದರ ಮೇಲಿನ ಫ್ಲೀಸಿಗೋ ಪುಕ್ಕ ತುಂಬಿದ ಡೌನ್ ಜಾಕೆಟ್ಟಿಗೋ ಬಿಡಿ. ಇಷ್ಟು ತಲೇಲಿ ಇಟ್ಕೊಂಡ್ರೆ ಅಂಗಡಿಗೆ ಹೋದಾಗ ಗೊಂದಲ ಅರ್ಧ ಕಮ್ಮಿ.

ಈಗ ಉಣ್ಣೆಯಾ ಪಾಲಿಯೆಸ್ಟರಾ ಅನ್ನೋ ಜಗಳ. ನಾನು ಉಣ್ಣೆ ಕಡೆಯೋನು, ಮಲೆನಾಡಲ್ಲಿ ಹುಟ್ಟಿದ್ದಕ್ಕೂ ಇರ್ಬಹುದು. ನಮ್ಮ ಕಡೆ ಮಳೆಗಾಲದ ಗದ್ದೆ ಕೆಲಸದಲ್ಲಿ ಕಂಬಳಿ ಕೊಪ್ಪೆ ಹಾಕ್ಕೊಂಡೋರು ಇಡೀ ದಿನ ಮಳೇಲಿ ನಿಂತಿರ್ತಿದ್ರು, ಕಂಬಳಿ ತೊಪ್ಪೆಯಾದ್ರೂ ಒಳಗೆ ಬಿಸಿ ಇರ್ತಿತ್ತು. ಅದರ ಗುಟ್ಟು ಎಳೇಲೇ ಇದೆ. ಉಣ್ಣೆ ಎಳೆಯ ಹೊರಮೈ ನೀರನ್ನ ಹತ್ರ ಸೇರ್ಸಲ್ಲ, ಒಳಮೈ ಮಾತ್ರ ಆವಿಯನ್ನ ಹೀರುತ್ತೆ, ತನ್ನ ತೂಕದ ಸುಮಾರು 30 ಪರ್ಸೆಂಟ್‌ವರೆಗೂ ಹೀರಿಕೊಂಡ್ರೂ ಮುಟ್ಟಿದ್ರೆ ಒದ್ದೆ ಅನ್ಸಲ್ಲ. ಹೀರುವಾಗ ಒಂಚೂರು ಶಾಖ ಬೇರೆ ಬಿಡುತ್ತೆ. ಬೆವರು ನೀರಾಗೋ ಮುಂಚೆ ಆವಿಯಾಗಿದ್ದಾಗಲೇ ಅದನ್ನ ಹಿಡಿಯೋದೇ ಉಣ್ಣೆಯ ಚಾಲಾಕು. ಚುಚ್ಚಲ್ವಾ ಅಂತೀರಾ? 30 ಮೈಕ್ರಾನ್ ದಾಟಿದ ದಪ್ಪ ಎಳೆ ಚರ್ಮಕ್ಕೆ ಚುಚ್ಚುತ್ತೆ, ಮೆರಿನೋ ಅನ್ನೋ ಜಾತಿ ಕುರಿಯ ನಯವಾದ ಉಣ್ಣೆಯ ಒಳ್ಳೆ ಬೇಸ್ ಲೇಯರಿನ ಎಳೆ 18 ಮೈಕ್ರಾನ್ ಆಸುಪಾಸು, ಚರ್ಮಕ್ಕೆ ತಾಗಿದ್ರೆ ಬಗ್ಗಿಬಿಡುತ್ತೆ.

ಪಾಲಿಯೆಸ್ಟರ್ ಪೂರ್ತಿ ಉಲ್ಟಾ ಗಿರಾಕಿ. ಎಳೆ ಒಳಗೆ 1 ಪರ್ಸೆಂಟ್ ನೀರೂ ಹೋಗಲ್ಲ, ಎಳೆ ಎಳೆ ಮಧ್ಯೆ ಇರೋ ಸಂದಿಯಲ್ಲಿ ಬೆವರು ಹರಡ್ಕೊಂಡು ಹೊರಗಡೆ ಬಂದು ಆರುತ್ತೆ. ಬೇಗ ಒಣಗೋದ್ರಲ್ಲಿ ಇದನ್ನ ಮೀರಿಸೋಕೆ ಉಣ್ಣೆಗೆ ಆಗಲ್ಲ, ಅದನ್ನ ಒಪ್ಕೋಬೇಕು. ನಿಮ್ಮದು ನಡೆಯೋದೇ ಜಾಸ್ತಿ ಕೂರೋದು ಕಮ್ಮಿ ಅನ್ನೋ ಥರದ ಬೇಟೆ ಆದ್ರೆ, ಪಶ್ಚಿಮದ ರಾಜ್ಯಗಳ ಎಲ್ಕ್ (ದೊಡ್ಡ ಜಾತಿ ಜಿಂಕೆ) ಹಂಟಿಂಗ್ ಥರ, ಒಳಗಡೆ ಚೌಕಚೌಕ ಉಬ್ಬಿರೋ ಪಾಲಿಯೆಸ್ಟರ್ ಗ್ರಿಡ್ ಬಟ್ಟೆಗೇ ನನ್ನ ಓಟು. ಆದ್ರೆ ಎರಡು ತಕರಾರಿದೆ. ಬಹಳ ಕಡೆ ಈ ಬೆವರು ಹರಡೋ ಗುಣಕ್ಕೆ ಬಟ್ಟೆ ಮೇಲೆ ಒಂದು ಫಿನಿಶ್ ಕೊಟ್ಟಿರ್ತಾರೆ, ಒಗೀತಾ ಒಗೀತಾ ಅದು ಹೋಗುತ್ತೆ. ಇನ್ನೊಂದು ವಾಸನೆ. ಎರಡನೇ ದಿನಕ್ಕೆ ಪಾಲಿಯೆಸ್ಟರ್ ಬನಿಯನ್ನು ಜಿಂಕೆಗೇನು, ಡೀರ್ ಕ್ಯಾಂಪಿನ ಸ್ನೇಹಿತರಿಗೇ ತಡಿಯೋಕಾಗಲ್ಲ. ಹಾಗಂತ ಮೆರಿನೋ ಹಾಕಿದ್ರೆ ಜಿಂಕೆಗೆ ವಾಸನೆ ಬರಲ್ಲ ಅಂತ ನಂಬ್ಕೋಬೇಡಿ, ಗಾಳಿ ನಿಮ್ಮ ಕಡೆಯಿಂದ ಅದರ ಕಡೆ ಬೀಸ್ತಿದ್ರೆ ಯಾವ ಬಟ್ಟೆಯೂ ಕಾಪಾಡಲ್ಲ.

ಅಂಗಡಿಯಲ್ಲಿ ಮಾಡ್ಬೇಕಾದ ಮೊದಲ ಕೆಲಸ ಅಂದ್ರೆ ಪ್ಯಾಕೆಟ್ ಮುಂದ್ಗಡೆ ಬರೆದಿರೋದನ್ನ ಓದ್ದೆ ಹೊಲಿಗೆ ಹತ್ರ ಇರೋ ಸಣ್ಣ ಲೇಬಲ್ ಓದೋದು. "ವಿಕಿಂಗ್" (ಬೆವರು ಎಳೆದು ಹರಡುತ್ತೆ ಅಂತ), "ಥರ್ಮೋ", "ಹೀಟ್" ಅಂತ ಯಾರು ಬೇಕಾದ್ರೂ ದೊಡ್ಡಕ್ಷರದಲ್ಲಿ ಬರೀಬಹುದು. ಲೇಬಲ್ಲಲ್ಲಿ ಕಾಟನ್ ಇದ್ರೆ ವಾಪಸ್ ಇಡಿ. ರೇಯಾನ್, ವಿಸ್ಕೋಸ್, ಮೋಡಲ್, ಬ್ಯಾಂಬೂ ಇದ್ರೂ ಇಡಿ, ಮುಟ್ಟೋಕೆ ಬೆಣ್ಣೆ ಥರ ಇರುತ್ತೆ ಆದ್ರೆ ಇವೆಲ್ಲ ನೀರು ಹಿಡ್ಕೊಳ್ಳೋ ಎಳೆಗಳೇ. ಪೇಟೆಲಿ ಓಡಾಡೋಕೆ ಹಾಕೋ ತೆಳು ಥರ್ಮಲ್ಲುಗಳಲ್ಲಿ ರೇಯಾನ್ ಸಾಮಾನ್ಯ, ಅವು ಬೆವರದೇ ಇರೋ ಕೆಲಸಕ್ಕೆ ಮಾಡಿದ್ದು. ಮೆರಿನೋ ಜೊತೆ ಸ್ವಲ್ಪ ನೈಲಾನ್ ಇದ್ರೆ ಬೇಜಾರು ಮಾಡ್ಕೋಬೇಡಿ, ಒಳ್ಳೇದೇ, ತೆಳು ಮೆರಿನೋ ಬ್ಯಾಗಿನ ಪಟ್ಟಿ ಉಜ್ಜೋ ಹೆಗಲ ಹತ್ರ ಬೇಗ ತೂತು ಬೀಳುತ್ತೆ, ನೈಲಾನ್ ಇದ್ರೆ ಬಾಳಿಕೆ ಬರುತ್ತೆ.

ದಪ್ಪದ ಲೆಕ್ಕ ಜಿಎಸ್ಎಂನಲ್ಲಿ ಇರುತ್ತೆ, ಒಂದು ಚದರ ಮೀಟರ್ ಬಟ್ಟೆ ಎಷ್ಟು ಗ್ರಾಂ ತೂಗುತ್ತೆ ಅಂತ. 150 ಅಂದ್ರೆ ತೆಳು, 200 ಸುತ್ತಮುತ್ತ ಮಧ್ಯಮ, 250 ದಾಟಿದ್ರೆ ದಪ್ಪ. ಹೊಸಬರೆಲ್ಲ ನೇರ 250ಕ್ಕೆ ಕೈ ಹಾಕ್ತಾರೆ, ಮೈನಸ್ 10 ಅಂತ ಫೋರ್‌ಕಾಸ್ಟ್ ನೋಡಿರ್ತಾರಲ್ಲ. ನನ್ನ ಪ್ರಕಾರ ಮೈಗೆ ತಾಗೋದು 150, ಅದರ ಮೇಲೆ ಕುತ್ತಿಗೆ ಹತ್ರ ಜಿಪ್ ಇರೋ ಗ್ರಿಡ್ ಫ್ಲೀಸು, ಹೀಗೆ ಎರಡು ತೆಳು ಪದರ ಹಾಕೋದು ಒಂದು ದಪ್ಪ ಪದರಕ್ಕಿಂತ ಎಷ್ಟೋ ವಾಸಿ, ನಡೆಯುವಾಗ ಒಂದನ್ನ ಬಿಚ್ಚಿ ಬ್ಯಾಗಿಗೆ ತುರುಕಬಹುದು. ಸೈಜ್ ಮೈಗೆ ಅಂಟ್ಕೊಂಡಿರ್ಬೇಕು, ದೊಗಳೆ ಇದ್ರೆ ಚರ್ಮಕ್ಕೂ ಬಟ್ಟೆಗೂ ಮಧ್ಯೆ ಬೆವರು ಹಾಗೇ ನಿಲ್ಲುತ್ತೆ. ಪ್ಯಾಂಟಿನೊಳಗೆ ಸಿಕ್ಕಿಸುವಷ್ಟು ಉದ್ದನೂ ಬೇಕು, ಸ್ಟ್ಯಾಂಡಲ್ಲಿ ಬಗ್ಗಿದಾಗ ಸೊಂಟಕ್ಕೆ ಗಾಳಿ ಹೊಡೆದ್ರೆ ಕಥೆ ಮುಗೀತು. ಕಾಲಿಗೆ ಮುಕ್ಕಾಲು ಉದ್ದದ ಬಾಟಮ್ ನೋಡಿ, ಮೊಣಕಾಲಿನ ಕೆಳಗೆ ನಿಲ್ಲುತ್ತೆ, ಬೂಟ್ಸ್ ಒಳಗೆ ಸಾಕ್ಸ್ ಮೇಲೆ ಗಂಟಾಗಲ್ಲ.

ಇನ್ನೊಂದು ಜಾತಿ ಇದೆ, ಬಲೆ ಬನಿಯನ್. 1933ರಲ್ಲಿ ನಾರ್ವೆ ಸೇನೆಯ ಹೆನ್ರಿಕ್ ಬ್ರುನ್ ಅನ್ನೋ ಅಧಿಕಾರಿ ಮೀನಿನ ಬಲೆ ತಗೊಂಡು ಮಾಡಿದ್ದಂತೆ, 1953ರ ಎವರೆಸ್ಟ್ ತಂಡದೋರೂ ಈ ಥರದ್ದು ಹಾಕಿದ್ರು. ನೋಡೋಕೆ ನಗು ಬರುತ್ತೆ, ಹೆಂಡತಿ ಮುಂದೆ ಹಾಕ್ಕೊಂಡು ಓಡಾಡೋ ಧೈರ್ಯ ಇರ್ಬೇಕು. ಆದ್ರೆ ತೂತುಗಳಲ್ಲಿ ಗಾಳಿ ನಿಲ್ಲುತ್ತೆ, ಬೆವರು ಮೇಲಿನ ಪದರಕ್ಕೆ ದಾಟುತ್ತೆ, ಚರ್ಮಕ್ಕೆ ಒದ್ದೆ ತಾಗೋದೇ ಕಮ್ಮಿ. ತುಂಬಾ ಬೆವರೋ ಪೈಕಿ ಆದ್ರೆ ಒಂದ್ಸಲ ನೋಡಿ.

ಬಟ್ಟೆ ಎಷ್ಟೇ ಒಳ್ಳೇದಿದ್ರೂ ನಡೆಯೋ ರೀತಿ ಸರಿ ಇಲ್ದಿದ್ರೆ ಎಲ್ಲ ದಂಡ. ಟ್ರಕ್ಕಿಂದ ಇಳಿದಾಗ ಚಳಿ ಆಗ್ತಿರ್ಬೇಕು, ನಡುಗೋ ಹಾಗೆ. ಬೇಸ್ ಲೇಯರ್ ಜೊತೆ ಒಂದು ತೆಳು ಪದರ ಅಷ್ಟೇ, ದಪ್ಪ ಜಾಕೆಟ್ ಬ್ಯಾಗಲ್ಲಿ. ನಿಧಾನ ನಡೀರಿ. ಮರದ ಬುಡಕ್ಕೆ ಬಂದ್ಮೇಲೆ ಟೋಪಿ ತೆಗೆದು ಜಿಪ್ ಎಳೆದ್ರೆ ಹೆಡ್‌ಲ್ಯಾಂಪ್ ಬೆಳಕಲ್ಲಿ ಎದೆಯಿಂದ ಹೊಗೆ ಏಳೋದು ಕಾಣುತ್ತೆ, ಆ ಹೊಗೆ ನಿಲ್ಲೋ ತನಕ ಜಾಕೆಟ್ ಹಾಕೋಕೆ ಹೋಗ್ಬೇಡಿ. ನಾನು ಜಿಪ್‌ಲಾಕ್ ಕವರಲ್ಲಿ ಒಣಗಿದ ಇನ್ನೊಂದು ಟಾಪ್ ಇಟ್ಕೊಂಡಿರ್ತೀನಿ, ಅಲ್ಲೇ ಬುಡದಲ್ಲಿ ಬದಲಾಯಿಸ್ತೀನಿ, ಬರಿ ಮೈಲಿ ಅರ್ಧ ನಿಮಿಷ ದೇವರು ಕಾಣ್ತಾನೆ, ಆಮೇಲೆ ಹತ್ತು ಗಂಟೆ ತನಕ ಆರಾಮ.

ಬದಲಾಯಿಸೋ ವಿಷಯ ಬಂದಿದ್ದಕ್ಕೆ ಒಂದ್ ಮಾತು, ಬಿಳಿ ಬೇಸ್ ಲೇಯರ್ ತಗೋಳ್ಲೇಬೇಡಿ. ಬಿಳಿ ಬನಿಯನ್, ಬಿಳಿ ಕರ್ಚೀಫು, ಯಾವ್ದೂ ಬೇಡ. ಇಲ್ಲಿ ಬೇಟೆ ಆಡೋದು ವೈಟ್‌ಟೇಲ್ ಜಿಂಕೆ, ಗಾಬರಿ ಆದ್ರೆ ಬಿಳಿ ಬಾಲ ಎತ್ಕೊಂಡು ಓಡುತ್ತೆ, ಮರದ ಸಂದಿಯಲ್ಲಿ ಬಿಳಿ ಏನೋ ಅಲ್ಲಾಡಿದ್ರೆ ದೂರದಲ್ಲಿ ಕೂತ ಇನ್ನೊಬ್ಬನಿಗೆ ಏನಂತ ಕಾಣ್ಬಹುದು ನೀವೇ ಯೋಚ್ನೆ ಮಾಡಿ. ಸೀಸನ್‌ನಲ್ಲಿ ಸೊಂಟದ ಮೇಲಿನ ಹೊರಬಟ್ಟೆ ಅರ್ಧದಷ್ಟಾದ್ರೂ ಕಣ್ಣಿಗೆ ಹೊಡೆಯೋ ಕಿತ್ತಳೆ ಬಣ್ಣ (ಬ್ಲೇಜ್ ಆರೆಂಜ್) ಇಲ್ಲಾ ಫ್ಲೋರೆಸೆಂಟ್ ಪಿಂಕ್ ಇರ್ಬೇಕು ಅಂತ ರೂಲ್ ಇದೆ, ಜಾಕೆಟ್ ಬ್ಯಾಗಿಗೆ ಹೋದಾಗ ಆರೆಂಜೂ ಅದರ ಜೊತೆ ಹೋಗ್ಬಾರ್ದು, ಅದಕ್ಕೆ ಬೇರೆ ವೆಸ್ಟ್ ಇಟ್ಕೊಳ್ಳಿ.

ಒಗೆಯೋದು: ತಣ್ಣೀರು, ವಾಸನೆ ಇಲ್ಲದ ಸೋಪು, ನೆರಳಲ್ಲಿ ಹರಡಿ ಒಣಗ್ಸೋದು. ಫ್ಯಾಬ್ರಿಕ್ ಸಾಫ್ಟ್‌ನರ್ ಹಾಕಿದ್ರೆ ಎಳೆ ಮೇಲೆ ಪದರ ಕಟ್ಟಿ ಬೆವರು ಹರಡೋದೇ ನಿಂತೋಗುತ್ತೆ. ಮೆರಿನೋನ ಬಿಸಿ ಡ್ರೈಯರ್‌ಗೆ ಹಾಕಿದ್ರೆ ನಿಮ್ಮ ಟಾಪ್ ನಿಮ್ಮ ಮಗನಿಗೆ ಸರಿ ಹೋಗುತ್ತೆ. ಬೇಸಿಗೇಲಿ ಎತ್ತಿಡುವಾಗ ಹುಳ ತಿನ್ನುತ್ತೆ ಅಂತ ನುಸಿ ಗುಳಿಗೆ ಹಾಕೋ ಅಭ್ಯಾಸ ನಮ್ಮೋರಿಗೆ, ದಯವಿಟ್ಟು ಬೇಡ, ಆ ಘಾಟು ನವೆಂಬರ್‌ವರೆಗೂ ಹೋಗಲ್ಲ. ಚೆನ್ನಾಗಿ ಒಗೆದು ಗಾಳಿ ಆಡದ ಪ್ಲಾಸ್ಟಿಕ್ ಡಬ್ಬದಲ್ಲಿ ಮುಚ್ಚಿಟ್ರೆ ಸಾಕು.

ದುಡ್ಡಿನ ವಿಷ್ಯ. ಒಳ್ಳೆ ಮೆರಿನೋ ಟಾಪ್ 70-100 ಡಾಲರ್ ಕೀಳುತ್ತೆ, ಪಾಲಿಯೆಸ್ಟರ್ 20-40ಕ್ಕೇ ಸಿಗುತ್ತೆ. ಮೊದಲ ವರ್ಷನೇ ಕ್ಯಾಮೋ ಜಾಕೆಟ್ಟಿಗೆ ಮುನ್ನೂರು ಸುರಿಯೋ ಬದಲು ಹಳೆ ಜಾಕೆಟ್ ಮೇಲೆ ಆರೆಂಜ್ ವೆಸ್ಟ್ ಹಾಕ್ಕೊಂಡು, ಆ ದುಡ್ಡಲ್ಲಿ ಒಂದು ಮೆರಿನೋ ಟಾಪು, ಬದಲಾಯಿಸೋಕೆ ಒಂದು ಅಗ್ಗದ ಪಾಲಿಯೆಸ್ಟರ್ ಟಾಪು, ಒಂದು ಮುಕ್ಕಾಲು ಬಾಟಮ್, ಎರಡು ಜೊತೆ ಉಣ್ಣೆ ಸಾಕ್ಸ್ ತಗೊಳ್ಳಿ. ಸಾಕ್ಸ್ ಮಾತ್ರ ಎರಡೆರಡು ಒಂದರ ಮೇಲೊಂದು ತುರುಕ್ಬೇಡಿ, ಬೂಟ್ಸ್ ಬಿಗಿಯಾಗಿ ರಕ್ತ ಓಡಾಡ್ದೆ ಬೆರಳು ಇನ್ನೂ ಬೇಗ ತಣ್ಣಗಾಗುತ್ತೆ. ಜನವರಿ ಫೆಬ್ರವರಿಯಲ್ಲಿ ಸೀಸನ್ ಮುಗಿದ ಸಾಮಾನಿಗೆ ಸೇಲ್ ಹಾಕ್ತಾರೆ, ನಿಮ್ಮ ಸೈಜ್ ಸಿಕ್ರೆ ಮುಂದಿನ ವರ್ಷಕ್ಕೆ ಆಗ್ಲೇ ಎತ್ತಿಟ್ಕೊಳ್ಳಿ.